ಅಲಸಂದೆ ಹೇನಿಗೆ ಮೂರು ಮದ್ದು: ನೀರು, ಸೋಪು, ಬೇವಿನೆಣ್ಣೆ

ಅಲಸಂದೆ ಹೂ ಬಿಡುವ ಹೊತ್ತಿಗೆ ಸರಿಯಾಗಿ ಕರಿ ಹೇನು ಬಂದು ಕೂತಿತು. ಎಳೆ ಕುಡಿ, ಹೂವಿನ ತೊಟ್ಟು, ಹೀಚುಕಾಯಿ, ಎಲ್ಲಾ ಕಡೆ ಕರಿ ಎಳ್ಳು ಮೆತ್ತಿದ ಹಾಗೆ. ದೊಡ್ಡವು ಮಿರಮಿರ ಕಪ್ಪು, ಮರಿಗಳು ಬೂದಿ ಬಣ್ಣ. ಸಾಮಾನ್ಯವಾಗಿ ಗಂಡಿನ ಹಂಗಿಲ್ಲದೆ, ಮೊಟ್ಟೆಯೂ ಇಡದೆ ನೇರವಾಗಿ ಮರಿ ಹಾಕುವ ಹುಳು ಇದು. ಹಾಗಾಗಿ ಎಷ್ಟು ಸತ್ತವು ಅನ್ನೋದಕ್ಕಿಂತ ಎಷ್ಟು ದಿನಕ್ಕೆ ವಾಪಸ್ ಬಂದವು ಅಂತ ನೋಡೋಣ ಎಂದು ಮೂರು ಸಾಲಿಗೆ ಮೂರು ಮದ್ದು ಮಾಡಿದೆ.

ಒಂದು ಸಾಲಿಗೆ ಬರೀ ನೀರು. ಪೈಪಿನ ಬಾಯಿಗೆ ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ಕುಡಿ ಹಿಡಿದು ಎಲೆಯ ಅಡಿಗೆ ರಭಸವಾಗಿ ಹೊಡೆದೆ. ಖರ್ಚಿಲ್ಲ, ನಿಜ. ಆದರೆ ದಿನ ಬಿಟ್ಟು ದಿನ ಹೊಡೆಯಬೇಕು, ಒಂದಿಷ್ಟು ಹೂವೂ ಉದುರುತ್ತದೆ.

ಸೋಪು ನೀರಿನಲ್ಲಿ ಮೊದಲೇ ಎಡವಿದೆ. ಬಟ್ಟೆ ಒಗೆಯುವ ಪುಡಿ ಕಲಸಿ ಮಟಮಟ ಮಧ್ಯಾಹ್ನ ಹೊಡೆದುಬಿಟ್ಟೆ, ಎಲೆಯಂಚು ಸುಟ್ಟಿತು. ಆಮೇಲೆ ಗಿಡಕ್ಕೆಂದೇ ಮಾಡಿದ ಸೋಪು ತಂದು ಸಂಜೆ ಹೊಡೆದೆ. ಮಾರನೇ ಬೆಳಿಗ್ಗೆ ಬೆರಳಲ್ಲಿ ಸವರಿದರೆ ಹೇನು ಒಣಗಿ ಉದುರುತ್ತಿತ್ತು. ಆದರೆ ಮೈಗೆ ತಾಗಿದವಷ್ಟೇ ಸಾಯುತ್ತವೆ. ಒಣಗಿದ ಸೋಪಿನಿಂದ ಏನೂ ಪ್ರಯೋಜನ ಇಲ್ಲ. ಮುರುಟಿದ ಎಲೆಯೊಳಗೆ ಉಳಿದವು ವಾರದೊಳಗೆ ಮತ್ತೆ ಸಂಸಾರ ಹೂಡಿದವು.

ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ., ಬೆರೆಯಲು ಚೂರು ಸೋಪು. ಮೂರು ದಿನ ಏನೂ ಆಗಲಿಲ್ಲ, ಸುಮ್ನೆ ಹೊಡೆದೆ ಅನಿಸಿತು. ಬೇವು ಹೇನಿನ ಹಸಿವು ಕೆಡಿಸುತ್ತದೆ, ಮರಿ ಪೊರೆ ಕಳಚಲು ಬಿಡುವುದಿಲ್ಲ. ಅದಕ್ಕೆ ಸಮಯ ಬೇಕಲ್ವಾ? ವಾರ ಕಳೆದಾಗ ಹೊಸ ಕುಡಿ ಚೊಕ್ಕಟವಾಗಿ ಬಂದದ್ದು ಈ ಸಾಲಿನಲ್ಲೇ.

ಅದರಲ್ಲೂ ತುದಿಯ ಎರಡು ಗಿಡದ ಹೇನು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಬಗ್ಗಿ ನೋಡಿದರೆ ಆಸರೆ ಕೋಲಿನ ಮೇಲೆ ಇರುವೆ ಸಾಲು! ಹೇನು ಬಿಡುವ ಸಿಹಿ ಅಂಟಿಗಾಗಿ ಅವು ಕಾವಲು ನಿಂತಿದ್ದವು. ಹೇನು ತಿನ್ನಲು ಬಂದ ಗುಲಗಂಜಿ ಹುಳುವಿನ ಮರಿಯೊಂದನ್ನು ಕಚ್ಚಿ ಕೆಳಗೆ ಬೀಳಿಸಿದ್ದನ್ನು ಕಣ್ಣಾರೆ ಕಂಡೆ. ಕೋಲಿಗೂ, ಬಳ್ಳಿಯ ಬುಡಕ್ಕೆ ಸುತ್ತಿದ ಕಾಗದಕ್ಕೂ ಗ್ರೀಸ್ ಸವರಿದೆ. ಐದಾರು ದಿನದಲ್ಲಿ ಗುಲಗಂಜಿ ಮರಿಗಳು ಆ ಎರಡೂ ಗಿಡದ ಹೇನು ಖಾಲಿ ಮಾಡಿದವು.

ಈಗ ನಾನು ಮೊದಲು ಇರುವೆ ದಾರಿ ಕಟ್ಟುತ್ತೇನೆ. ಹೇನು ಕಡಿಮೆ ಇದ್ದರೆ ನೀರು ಸಾಕು. ಜಾಸ್ತಿ ಆದರೆ ಸೋಪು, ನಾಲ್ಕು ದಿನ ಬಿಟ್ಟು ಬೇವು. ಗುಲಗಂಜಿ ಮರಿ ಇರುವ ಕುಡಿಗೆ ಎರಡನ್ನೂ ಹೊಡೆಯುವುದಿಲ್ಲ. ಎಲೆ ಹಳದಿ-ಹಸಿರು ಮಚ್ಚೆಯಾಗಿ ಸುಕ್ಕುಗಟ್ಟಿದ ಒಂದು ಗಿಡವನ್ನಂತೂ ಬೇರುಸಮೇತ ಕಿತ್ತೆ. ಆ ಮೊಸಾಯಿಕ್ ವೈರಸ್ ಹರಡಲು ಹೇನು ಒಂದು ಗಳಿಗೆ ಚುಚ್ಚಿದರೂ ಸಾಕು, ಈ ಮೂರರಲ್ಲಿ ಯಾವುದೂ ಅದಕ್ಕೆ ಮದ್ದಲ್ಲ.