ಕೊರಿಯನ್ ಕಲಿಯಲು ಏನನ್ನು ಓದಬೇಕು, ಏನನ್ನು ಕೇಳಬೇಕು: ಆರು ಬಗೆಯ ಸಾಮಗ್ರಿಗಳ ಹೋಲಿಕೆ

ಕೊರಿಯನ್ ಕಲಿಕಾ ಪುಸ್ತಕಗಳ ಮೇಲೆ ಅಚ್ಚಾಗಿರುವ ‘ಆರಂಭಿಕ’, ‘ಮಧ್ಯಮ’, ‘ಉನ್ನತ’ ಎಂಬ ಹಂತಗಳನ್ನು ನಂಬಿ ನಾನು ಮೊದಲ ಎಂಟು ತಿಂಗಳನ್ನು ಬಹುಮಟ್ಟಿಗೆ ವ್ಯರ್ಥ ಮಾಡಿಕೊಂಡೆ. ಆ ಹಂತಗಳನ್ನು ವ್ಯಾಕರಣದ ಕಷ್ಟವನ್ನು ನೋಡಿ ಗೊತ್ತುಪಡಿಸಿರುತ್ತಾರೆ, ಮತ್ತು ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಆ ಕಷ್ಟವನ್ನು ಅಳೆದದ್ದು ಇಂಗ್ಲಿಷ್ ಬಲ್ಲವರ ಕಣ್ಣಿನಿಂದ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟುವುದು, ‘ನಿನ್ನೆ ಕೊಂಡ ಪುಸ್ತಕ’ ಎಂಬಂತೆ ವಿವರಣೆಯೆಲ್ಲ ನಾಮಪದಕ್ಕಿಂತ ಮೊದಲೇ ಮುಗಿಯುವುದು, ಇವುಗಳಲ್ಲಿ ಕನ್ನಡದವರಿಗೆ ಹೊಸದೇನೂ ಇಲ್ಲ. ‘ಮೊಗೊ ಬೊದ’ ಎಂದರೆ ಪದಕ್ಕೆ ಪದ ‘ತಿಂದು ನೋಡು’. ‘ಸ್ಸೊ ಜುದ’ ಎಂದರೆ ‘ಬರೆದು ಕೊಡು’. ನಾವು ‘ತಿಂದು ಬಿಡು’ ಎನ್ನುವಲ್ಲಿ ಅವರು ‘ಎಸೆ’ ಎಂಬ ಅರ್ಥದ ಕ್ರಿಯಾಪದವನ್ನು ಸೇರಿಸುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಪುಸ್ತಕ ಎರಡು ಪುಟಗಳಲ್ಲಿ ವಿವರಿಸುವುದು ನಮಗೆ ಒಂದು ಸಾಲಿನಲ್ಲಿ ಮುಗಿಯುತ್ತದೆ.

ನಮ್ಮ ಕಷ್ಟ ಇರುವುದು ಬೇರೆ ಎರಡು ಕಡೆ. ಒಂದು, ಪದಗಳು; ಸಂಸ್ಕೃತವಾಗಲಿ ದ್ರಾವಿಡ ಮೂಲವಾಗಲಿ ಇಲ್ಲಿ ಕೈಹಿಡಿಯುವುದಿಲ್ಲ. ಇನ್ನೊಂದು, ಕಿವಿ. ಕಿವಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ. ಸಾರಿಗೆ ಕೊರಿಯನ್ನಿನಲ್ಲಿ ‘ಗುಕ್‌ಮುಲ್’ ಎಂದು ಬರೆಯುತ್ತಾರೆ, ‘ಗುಙ್‌ಮುಲ್’ ಎಂದು ಹೇಳುತ್ತಾರೆ. ‘ವಾಕ್’ ಮತ್ತು ‘ಮಯ’ ಸೇರಿ ‘ವಾಙ್ಮಯ’ ಆಗುವ ಅನುನಾಸಿಕ ಸಂಧಿಯೇ ಇದು. ಆದರೆ ನಾವು ಸಂಧಿಯಾದ ರೂಪವನ್ನೇ ಬರೆಯುತ್ತೇವೆ. ಅವರು ಬಿಡಿಸಿ ಬರೆದು ಕೂಡಿಸಿ ಉಚ್ಚರಿಸುತ್ತಾರೆ. 1446ರಲ್ಲಿ ಸೇಜೊಂಗ್ ದೊರೆ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಈಗ ಬಳಕೆಯಲ್ಲಿರುವ 24 ಮೂಲಾಕ್ಷರಗಳನ್ನು ಒಂದು ವಾರದಲ್ಲಿ ಕಲಿಯಬಹುದು ಎಂಬ ಮಾತು ನಿಜವೇ; ಆದರೆ ಓದಲು ಬಂದ ಪದವನ್ನೇ ಕಿವಿಗೆ ಬಿದ್ದಾಗ ಗುರುತಿಸಲು ನನಗೆ ಒಂದು ವರ್ಷ ಬೇಕಾಯಿತು. ಆದ್ದರಿಂದ ಬರಹವಿಲ್ಲದ ಧ್ವನಿ, ಧ್ವನಿಯಿಲ್ಲದ ಬರಹ, ಎರಡೂ ನನ್ನ ಪಾಲಿಗೆ ಅರ್ಧ ಸಾಮಗ್ರಿಗಳು.

ಮುಂದೆ ಹೇಳುವ ಆರು ಬಗೆಗಳಲ್ಲಿ ಒಂದೊಂದಕ್ಕೂ ಆರು ವಾರಗಳನ್ನು, ದಿನಕ್ಕೆ ಬೆಳಿಗ್ಗೆ ಅರ್ಧ ಗಂಟೆಯಂತೆ, ಮೀಸಲಿಟ್ಟೆ. ಮೊದಲ ವಾರದಲ್ಲಿ ನೂರು ಪದಗಳಿಗೆ ಎಷ್ಟು ಪದ ತಿಳಿಯದು ಎಂದು ಎಣಿಸಿ ಬರೆದಿಟ್ಟೆ. ಪ್ರತ್ಯಯದ ಮೇಲೆ ಪ್ರತ್ಯಯ ಅಂಟುವ ಭಾಷೆಯಲ್ಲಿ ‘ಪದ’ ಎಂದರೆ ಯಾವುದು ಎಂಬ ಜಗಳ ಇದ್ದದ್ದೇ. ‘ಮನೆಯಲ್ಲಿಯೂ’ ಎಂಬುದನ್ನು ‘ಮನೆ’ ಎಂದೇ ಲೆಕ್ಕ ಹಿಡಿದೆ.

ಸೇಜೊಂಗ್ ಹಕ್‌ದಂಗ್ ಸಂಸ್ಥೆಯ ಪಠ್ಯಪುಸ್ತಕಗಳಿಂದ ಆರಂಭಿಸಿದೆ. 2012ರಲ್ಲಿ ಸ್ಥಾಪನೆಯಾದ ಸೇಜೊಂಗ್ ಹಕ್‌ದಂಗ್ ಪ್ರತಿಷ್ಠಾನ ವಿದೇಶಿಯರಿಗೆ ಕೊರಿಯನ್ ಕಲಿಸುವ ಸರ್ಕಾರಿ ವ್ಯವಸ್ಥೆಯ ಕೇಂದ್ರ. ಅದರ ಪಾಠಗಳೂ ಧ್ವನಿಯೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಂಭಾಷಣೆಗಳು ಶುದ್ಧ, ಉಚ್ಚಾರಣೆ ನಿಚ್ಚಳ, ತಿಳಿಯದ ಪದಗಳು ನೂರಕ್ಕೆ ಮೂರೋ ನಾಲ್ಕೋ. ಸಂಧಿಗಳನ್ನು ಕಿವಿಗೆ ಮೊದಲ ಬಾರಿ ಪರಿಚಯಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಆದರೆ ಮಾತಿನ ನಡಿಗೆ ಎಷ್ಟು ನಿಧಾನವೆಂದರೆ, ಆರು ವಾರಗಳ ನಂತರ ಕೊರಿಯನ್ನರ ಸಹಜ ಮಾತನ್ನು ಕೇಳಿದಾಗ ಅದು ಬೇರೆಯೇ ಭಾಷೆಯಂತೆ ಕೇಳಿಸಿತು. ವ್ಯಾಕರಣದ ಭಾಗವನ್ನು ಕನ್ನಡದವರು ಓಡುತ್ತಲೇ ದಾಟಬಹುದು. (ಇದೇ ಸಮಯದಲ್ಲಿ ಪ್ರಯತ್ನಿಸಿದ, ಅಂಕ ಕೊಟ್ಟು ಹುರಿದುಂಬಿಸುವ ಒಂದು ಮೊಬೈಲ್ ಆ್ಯಪ್ ಅನ್ನು ಹನ್ನೊಂದನೆಯ ದಿನ ಅಳಿಸಿದೆ, ಯಾರೂ ಯಾರಿಗೂ ಹೇಳದ ವಾಕ್ಯಗಳನ್ನು ಕಲಿಯುವಷ್ಟು ಪುರುಸೊತ್ತು ನನಗಿರಲಿಲ್ಲ.)

ಇದಕ್ಕೆ ಎದುರಾಗಿ ನಿಲ್ಲಿಸಬೇಕಾದದ್ದು ಕಲಿಯುವವರಿಗಾಗಿಯೇ ಮಾಡಿದ ಸಹಜ ಮಾತುಕತೆಯ ಧ್ವನಿಮುದ್ರಣಗಳನ್ನು. ನಾನು ಕೇಳಿದ್ದು ‘ಟಾಕ್ ಟು ಮಿ ಇನ್ ಕೊರಿಯನ್’ ಬಳಗದ ‘ಇಯಾಗಿ’ ಸರಣಿಯನ್ನು. ಇಬ್ಬರು ಕುಳಿತು ಒಂದೇ ವಿಷಯವನ್ನು ಹಿಡಿದು ಪೂರ್ತಿ ಕೊರಿಯನ್ನಿನಲ್ಲೇ ಮಾತನಾಡುತ್ತಾರೆ. ಆಡಿದ ಮಾತೆಲ್ಲ ಬರಹದಲ್ಲಿಯೂ ಸಿಗುತ್ತದೆ. ತಿಳಿಯದ ಪದಗಳು ನೂರಕ್ಕೆ ಎಂಟು, ಅಂದರೆ ಪಠ್ಯಪುಸ್ತಕದ ಎರಡರಷ್ಟು. ಆದರೂ ಆಯಾಸ ಕಡಿಮೆ, ಏಕೆಂದರೆ ವಿಷಯ ಒಂದೇ ಆದ್ದರಿಂದ ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲು ಬರಹ ನೋಡದೆ ಎರಡು ಸಲ ಕೇಳುವುದು, ನಂತರ ಬರಹ ಹಿಡಿದು ಕೇಳಿ ಎಲ್ಲಿ ಸಂಧಿ ಮೋಸ ಮಾಡಿತು ಎಂದು ಗುರುತು ಹಾಕುವುದು, ಮರುದಿನ ನಡೆಯುತ್ತಾ ಬರಹವಿಲ್ಲದೆ ಮತ್ತೊಮ್ಮೆ ಕೇಳುವುದು: ಇದು ನನಗೆ ಹೊಂದಿದ ಕ್ರಮ. ಪಠ್ಯಪುಸ್ತಕ ಲೆಕ್ಕಕ್ಕೇ ತೆಗೆದುಕೊಳ್ಳದ ಸಣ್ಣ ಪದಗಳೂ ಇಲ್ಲಿಯೇ ಸಿಕ್ಕವು. ‘ಗುನ್ಯಾಂಗ್’ ಎಂಬ ಪದಕ್ಕೆ ಇಂಗ್ಲಿಷ್ ನಿಘಂಟು ಅರ್ಧ ಡಜನ್ ಅರ್ಥಗಳನ್ನು ಕೊಟ್ಟು ತಡವರಿಸುತ್ತದೆ. ನಮ್ಮ ‘ಸುಮ್ಮನೆ’ ಅಲ್ಲಿ ತಾನೇ ತಾನಾಗಿ ಕೂರುತ್ತದೆ. ಏಕೆ ಬಂದೆ ಎಂದರೆ, ಸುಮ್ಮನೆ.

ಮಕ್ಕಳ ಜನಪದ ಕಥೆಗಳ ಬಗ್ಗೆ ನನಗೆ ಬಹಳ ನಿರೀಕ್ಷೆಯಿತ್ತು, ಮತ್ತು ಅತಿ ದೊಡ್ಡ ನಿರಾಶೆಯೂ ಅಲ್ಲಿಯೇ ಆಯಿತು. ‘ಹುಲಿಗಳು ತಂಬಾಕು ಸೇದುತ್ತಿದ್ದ ಕಾಲದಲ್ಲಿ’ ಎಂದು ಕಥೆ ಆರಂಭವಾದಾಗ ವ್ಯಾಕರಣ ತಡೆಯಲಿಲ್ಲ. ಪಠ್ಯಪುಸ್ತಕಗಳು ಮಧ್ಯಮ ಹಂತಕ್ಕೆ ದೂಡುವ ಆ ‘ಸೇದುತ್ತಿದ್ದ’ ಎಂಬ ರೂಪ ಕಣ್ಣಿಗೆ ಬಿದ್ದೊಡನೆ ಅರ್ಥವಾಯಿತು. ತಡೆದದ್ದು ಕಟ್ಟಿಗೆ ಕಡಿಯುವವನು, ಬಾವಿಯ ಬಕೆಟ್ಟು, ಒರಳು, ಬೆನ್ನಿಗೆ ಹೊರುವ ಮರದ ಚೌಕಟ್ಟು ಇಂಥ ಹಳೆಯ ಬದುಕಿನ ಪದಗಳು, ಮತ್ತು ಅವುಗಳಿಗಿಂತ ಹೆಚ್ಚಾಗಿ ಅನುಕರಣಾವ್ಯಯಗಳು. ಕೊರಿಯನ್ ಕಥೆಯಲ್ಲಿ ಮೊಲ ಸುಮ್ಮನೆ ನೆಗೆಯುವುದಿಲ್ಲ, ‘ಕಂಗ್‌ಚುಂಗ್ ಕಂಗ್‌ಚುಂಗ್’ ನೆಗೆಯುತ್ತದೆ. ನಕ್ಷತ್ರ ‘ಬಂಜಕ್ ಬಂಜಕ್’ ಮಿನುಗುತ್ತದೆ. ಮಿಣಮಿಣ, ಥಳಥಳ, ಗಡಗಡ ಎನ್ನುವ ನಮಗೆ ಅವುಗಳ ಸೊಗಸು ತಿಳಿಯುತ್ತದೆಯೇ ಹೊರತು ಅರ್ಥ ತಿಳಿಯುವುದಿಲ್ಲ, ಊಹೆಗೂ ನಿಲುಕುವುದಿಲ್ಲ. ನೂರಕ್ಕೆ ಹತ್ತೊಂಬತ್ತು ಪದ ತಿಳಿಯದೆ ಹೋಯಿತು. ಐದು ವರ್ಷದ ಮಗುವಿಗೆ ಬರೆದ ಪುಸ್ತಕ ಐದು ವರ್ಷ ಆ ಭಾಷೆಯಲ್ಲಿಯೇ ಬದುಕಿದವರಿಗಾಗಿ ಬರೆದದ್ದು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಅಂತರಜಾಲದ ಚಿತ್ರಕಥೆಗಳು, ಅಂದರೆ ವೆಬ್‌ಟೂನ್‌ಗಳು, ಕಾಗದದ ಮೇಲೆ ಮಕ್ಕಳ ಕಥೆಗಿಂತ ಕಠಿಣ, ಅನುಭವದಲ್ಲಿ ಅದಕ್ಕಿಂತ ಸುಲಭ. ದಿನನಿತ್ಯದ ಬದುಕಿನ ಕಥೆಗಳನ್ನು ಆರಿಸಿಕೊಂಡರೆ ಮಾತು ಚಿಕ್ಕದಿರುತ್ತದೆ, ಚಿತ್ರ ಅರ್ಧ ಅರ್ಥವನ್ನು ಹೇಳಿಬಿಡುತ್ತದೆ. ಎರಡು ತೊಂದರೆಗಳಿವೆ: ಅಕ್ಷರಗಳು ಚಿತ್ರದ ಭಾಗವಾಗಿರುವುದರಿಂದ ಪದವನ್ನು ನಕಲು ಮಾಡಿ ನಿಘಂಟಿಗೆ ಹಾಕಲಾಗದೆ ನಾವೇ ಟೈಪ್ ಮಾಡಬೇಕು, ಮತ್ತು ಧ್ವನಿ ಇಲ್ಲ. ಮೊದಲನೆಯದು ಕ್ರಮೇಣ ಒಳ್ಳೆಯ ಅಭ್ಯಾಸವಾಗಿಯೇ ಪರಿಣಮಿಸಿತು. ಎರಡನೆಯದಕ್ಕೆ ಪರಿಹಾರವಿಲ್ಲ.

ಧಾರಾವಾಹಿಗಳ ಬಗ್ಗೆ ಹೇಳುವಾಗ ಅವನ್ನು ಯಾವ ಸಬ್‌ಟೈಟಲ್ ಇಟ್ಟು ನೋಡುತ್ತೇವೆ ಎಂಬುದನ್ನು ಬಿಟ್ಟು ತೀರ್ಪು ಕೊಡಲಾಗದು. ಇಂಗ್ಲಿಷ್ ಸಬ್‌ಟೈಟಲ್ ಇಟ್ಟರೆ ಅದು ಮನರಂಜನೆ. ನನ್ನ ಕಿವಿ ಮೂರನೆಯ ನಿಮಿಷಕ್ಕೇ ನಿದ್ದೆ ಹೋಗುತ್ತಿತ್ತು. ಕೊರಿಯನ್ ಸಬ್‌ಟೈಟಲ್ ಇಟ್ಟರೆ ಅದು ಪಾಠ. ಯಾರು ಯಾರನ್ನು ಯಾವಾಗ ಏಕವಚನದಲ್ಲಿ ಮಾತನಾಡಿಸುತ್ತಾರೆ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಬೇರೆ ಸಾಮಗ್ರಿಯನ್ನು ನಾನು ಕಾಣಲಿಲ್ಲ. ಆ ಸಲಿಗೆಯ ಮಾತಿಗೆ ಅವರಲ್ಲಿ ‘ಬನ್‌ಮಲ್’, ಅಂದರೆ ‘ಅರ್ಧ ಮಾತು’, ಎಂದು ಹೆಸರು. ನಮ್ಮ ‘ನೀನು’, ‘ನೀವು’ಗಳ ತಿಳಿವಳಿಕೆ ಇಲ್ಲಿ ನೆರವಾಗುತ್ತದೆ, ಆದರೆ ದಾರಿಯನ್ನೂ ತಪ್ಪಿಸುತ್ತದೆ: ಕೊರಿಯನ್ನಿನಲ್ಲಿ ಗೌರವ ತೋರುವುದು ಮುಖ್ಯವಾಗಿ ಕ್ರಿಯಾಪದದ ಕೊನೆಯಲ್ಲಿ, ಮತ್ತು ಹಿರಿಯರನ್ನು ಸರ್ವನಾಮದಿಂದ ಕರೆಯುವುದನ್ನೇ ತಪ್ಪಿಸುತ್ತಾರೆ. ಅಣ್ಣನಿಗೆ ಹುಡುಗ ಒಂದು ಪದ, ಹುಡುಗಿ ಇನ್ನೊಂದು ಪದ ಬಳಸುವುದು ಕೂಡ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಹೆಸರು ಹಿಡಿದು ಕರೆದಂತಾಗಿ ಮಾಯವಾಗುತ್ತದೆ. ಅರಮನೆಯ ಕಥೆಗಳನ್ನು ಮಾತ್ರ ದೂರವಿಡಬೇಕು. ದೊರೆಯ ಮುಂದೆ ಆಡುವ ಮಾತನ್ನು ಕಲಿತು ಅಂಗಡಿಯಲ್ಲಿ ಆಡಲಾಗದು. ಇನ್ನೊಂದು ಲೆಕ್ಕವೂ ಇದೆ. ಒಂದು ಗಂಟೆಯ ಕಂತಿನಲ್ಲಿ ಮೌನ, ಸಂಗೀತ, ಕಣ್ಣೀರು ಕಳೆದರೆ ಉಳಿಯುವ ಮಾತು ಅಷ್ಟೇನೂ ಹೆಚ್ಚಿಲ್ಲ. ಅದೇ ಒಂದು ಗಂಟೆಯಲ್ಲಿ ಇಯಾಗಿಯ ಇಬ್ಬರು ಬಾಯಿ ಮುಚ್ಚುವುದೇ ಇಲ್ಲ.

ದಕ್ಷಿಣ ಕೊರಿಯದ ಸಾರ್ವಜನಿಕ ಪ್ರಸಾರ ವಾಹಿನಿ ಕೆಬಿಎಸ್‌ನ ಸುದ್ದಿ ಕೊನೆಯದು. ಸುದ್ದಿಗಳ ವೀಡಿಯೊ ಜೊತೆಗೆ ಅದರ ಬರಹವೂ ಜಾಲತಾಣದಲ್ಲಿ ಇರುವುದರಿಂದ ನನ್ನ ಮೊದಲ ಷರತ್ತು ಪೂರೈಸುತ್ತದೆ. ನಮ್ಮ ಪತ್ರಿಕೆಯ ಕನ್ನಡ ಸಂಸ್ಕೃತದಿಂದ ತುಂಬಿರುವಂತೆ ಅವರ ಸುದ್ದಿಯ ಭಾಷೆ ಚೀನೀ ಮೂಲದ ಪದಗಳಿಂದ ತುಂಬಿದೆ. ತಿಳಿಯದ ಪದಗಳು ನೂರಕ್ಕೆ ಇಪ್ಪತ್ತಾರು. ಮಕ್ಕಳ ಕಥೆಗಿಂತ ಹೆಚ್ಚು. ಆದರೆ ಇವು ಒಂದನ್ನೊಂದು ಬಿಡಿಸುವ ಪದಗಳು. ‘ಹಕ್’ ಎಂದರೆ ವಿದ್ಯೆ ಎಂದು ತಿಳಿದರೆ ‘ಹಕ್‌ಗ್ಯೊ’ ಶಾಲೆ, ‘ಹಕ್‌ಸೆಂಗ್’ ವಿದ್ಯಾರ್ಥಿ, ‘ದೆಹಕ್’ ವಿಶ್ವವಿದ್ಯಾಲಯ ಎಂದು ಸರಪಳಿಯಂತೆ ಬಿಚ್ಚಿಕೊಳ್ಳುತ್ತವೆ. ಕಥೆಯ ಒರಳು ಇನ್ನಾವ ಪದವನ್ನೂ ಬಿಡಿಸಿಕೊಡುವುದಿಲ್ಲ. ವಾಕ್ಯಗಳ ಅಚ್ಚು ಕೂಡ ನಾಲ್ಕಾರೇ, ಮತ್ತು ಅವುಗಳಲ್ಲಿ ಒಂದು ನಮ್ಮ ‘ಎಂದು ತಿಳಿದುಬಂದಿದೆ’ ಎಂಬುದರ ತದ್ರೂಪ. ಆರನೆಯ ವಾರದಲ್ಲಿ ತಿಳಿಯದ ಪದಗಳು ಹದಿನೇಳಕ್ಕೆ ಇಳಿದಿದ್ದವು; ಇಷ್ಟು ವೇಗವಾಗಿ ಬೇರೆ ಯಾವುದರಲ್ಲಿಯೂ ಇಳಿಯಲಿಲ್ಲ. ಹವಾಮಾನ ವರದಿಯಿಂದ ಆರಂಭಿಸುವುದು ಮೇಲು: ದಿನವೂ ಅವೇ ಪದಗಳು, ಹಿಂದೆ ನಕ್ಷೆಯೂ ಇರುತ್ತದೆ.

ನನ್ನ ಎಣಿಕೆ ನನಗೇ ಮೋಸ ಮಾಡಬಾರದೆಂದು ವಿದೇಶಿಯರ ಕೊರಿಯನ್ ಜ್ಞಾನವನ್ನು ಅಳೆಯುವ ಟೋಪಿಕ್ ಪರೀಕ್ಷೆಯ ಪ್ರಕಟಿತ ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೆ. ಮೊದಲ ಮಟ್ಟದಲ್ಲಿ ಕೇಳುವ ಪ್ರಶ್ನೆಗಳು 30, ಓದುವವು 40. ಪಠ್ಯಪುಸ್ತಕದ ನಂತರ ಓದಿನ ಅಂಕ ಏರಿತು, ಕೇಳುವ ಅಂಕ ನಿಂತಲ್ಲೇ ನಿಂತಿತು. ಇಯಾಗಿಯ ನಂತರ ಕೇಳುವುದರಲ್ಲಿ ಆರು ಪ್ರಶ್ನೆಗಳು ಹೆಚ್ಚು ಸರಿಯಾದವು. ಧಾರಾವಾಹಿಯ ನಂತರ ಎರಡು, ವೆಬ್‌ಟೂನ್ ನಂತರ ಸೊನ್ನೆ. ಒಬ್ಬರ ಲೆಕ್ಕ ಎಲ್ಲರ ಲೆಕ್ಕವಲ್ಲ, ಆದರೂ ಮತ್ತೊಮ್ಮೆ ಮೊದಲಿನಿಂದ ಕಲಿಯಬೇಕಾಗಿ ಬಂದರೆ ಪಠ್ಯಪುಸ್ತಕವನ್ನು ಎರಡು ತಿಂಗಳಲ್ಲಿ ಮುಗಿಸಿ, ಇಯಾಗಿಗೆ ಆರು ತಿಂಗಳು ಕೊಟ್ಟು, ಹವಾಮಾನ ವರದಿಯನ್ನು ಮೂರನೆಯ ತಿಂಗಳಿನಿಂದಲೇ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಕೊರಿಯದ ರಾಷ್ಟ್ರೀಯ ಭಾಷಾ ಸಂಸ್ಥೆಯ ಕಲಿಯುವವರ ನಿಘಂಟು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅರ್ಥ ಕೊಡುತ್ತದೆ. ಅವುಗಳಲ್ಲಿ ಕನ್ನಡ ಇಲ್ಲವಾದ್ದರಿಂದ, ಅದರ ಸರಳ ಕೊರಿಯನ್ ವಿವರಣೆಯನ್ನೇ ಓದಿ ಪಕ್ಕದಲ್ಲಿ ಕನ್ನಡ ಪದವನ್ನು ನಾವೇ ಬರೆದುಕೊಳ್ಳುವುದು ಇಂಗ್ಲಿಷ್ ಮೂಲಕ ಸುತ್ತಿ ಬರುವುದಕ್ಕಿಂತ ಉತ್ತಮ.

ತಂಬಾಕು ಸೇದುವ ಹುಲಿಯ ಪುಸ್ತಕವನ್ನು ಹದಿನಾಲ್ಕು ತಿಂಗಳ ನಂತರ ಮತ್ತೆ ತೆರೆದು ಎಣಿಸಿದೆ. ತಿಳಿಯದ ಪದಗಳು ನೂರಕ್ಕೆ ಒಂಬತ್ತು, ಅವುಗಳಲ್ಲಿ ಏಳು ಅನುಕರಣಾವ್ಯಯಗಳು.