ಸಪ್ತಾಪುರದ ಪಡಸಾಲೆಯಲ್ಲಿ ಮೂರು ವರ್ಷ: ಫಿಸಿಕ್ಸ್, ಮ್ಯಾಥ್ಸ್ ಡೌಟ್ ಕ್ಲಾಸ್ ಬಗ್ಗೆ ನನ್ನ ಅನುಭವ

ಧಾರವಾಡದಲ್ಲಿ ಬಿ.ಎಸ್ಸಿ. ಅಥವಾ ಎಂ.ಎಸ್ಸಿ. ಓದುತ್ತಾ, ಫಿಸಿಕ್ಸ್ ಮ್ಯಾಥ್ಸ್ ಲೆಕ್ಕಗಳಿಗೆ ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು 2022ರ ಡಿಸೆಂಬರ್‌ನಿಂದ ಸಪ್ತಾಪುರದಲ್ಲಿರುವ ಒಬ್ಬ ನಿವೃತ್ತ ಲೆಕ್ಚರರ್ ಮನೆಗೆ ಡೌಟ್ ಕ್ಲಾಸಿಗೆ ಹೋಗುತ್ತಿದ್ದೇನೆ. ಆಗ ಬಿ.ಎಸ್ಸಿ. ಮೂರನೇ ಸೆಮಿಸ್ಟರ್‌ನಲ್ಲಿದ್ದೆ. ಈಗ ಎಂ.ಎಸ್ಸಿ. ಮೂರನೇ ಸೆಮಿಸ್ಟರ್. ಸರ್ ಮನೆ ಮುಂದೆ ಬೋರ್ಡ್ ಇಲ್ಲ. ಹೆಸರು ಎಲ್ಲೂ ಹಾಕಬೇಡ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆದರೆ ಇಂಥ ಕ್ಲಾಸು ಹೇಗೆ ನಡೆಯುತ್ತದೆ, ಯಾರಿಗೆ ಉಪಯೋಗ, ಎಲ್ಲಿ ಸಾಲುವುದಿಲ್ಲ ಅನ್ನೋದು ತಿಳಿದರೆ ನಿಮ್ಮ ಓಣಿಯಲ್ಲೇ ಅಂಥವರನ್ನು ಹುಡುಕಿಕೊಳ್ಳಬಹುದು.

ಸಪ್ತಾಪುರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೋಚಿಂಗ್ ಸೆಂಟರ್‌ಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಲ್ಲದಕ್ಕೂ ಕ್ಲಾಸ್ ಸಿಗುತ್ತದೆ. ಪಿಯುಸಿಗಂತೂ ಬೇಕಾದಷ್ಟಿವೆ. ಡಿಗ್ರಿಯ ವೆಕ್ಟರ್ ಕ್ಯಾಲ್ಕುಲಸ್ ಹೇಳಿಕೊಡುವವರನ್ನು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ ಕಷ್ಟ.

ನನ್ನದು ಮುಂಡರಗಿ ಕಡೆಯ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಹೇಗೋ ದಾಟಿದೆ. ಡಿಗ್ರಿಗೆ ಬಂದ ಮೇಲೆ ಅದು ನಡೆಯಲಿಲ್ಲ. ಮೊದಲು ಒಂದು ಆ್ಯಪ್‌ಗೆ ದುಡ್ಡು ಕಟ್ಟಿದೆ. ಪ್ರಶ್ನೆಯ ಫೋಟೋ ತೆಗೆದು ಕಳಿಸಿದರೆ ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತಿತ್ತು. ನಾನು ಅದನ್ನು ನೀಟಾಗಿ ಅಸೈನ್‌ಮೆಂಟಿಗೆ ಇಳಿಸುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಮಾರ್ಕ್ಸ್ ಬಂತು. ಇಂಟರ್ನಲ್ ಟೆಸ್ಟಿನಲ್ಲಿ ಮಾತ್ರ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಒಂದು ಲೆಕ್ಕದಿಂದ ಎಲ್ಲ ಬದಲಾಯಿತು. ಅದನ್ನು ಇಲ್ಲಿ ಪೂರ್ತಿ ಹೇಳಬೇಕು.

ಒಂದು ವೆಕ್ಟರ್ ಫೀಲ್ಡ್ ಕೊಟ್ಟಿದ್ದರು, ಅಂದರೆ ಪ್ರತಿ ಬಿಂದುವಿಗೂ ಒಂದೊಂದು ಬಾಣ ಇದ್ದ ಹಾಗೆ. ಎಕ್ಸ್ ಭಾಗ ಮೈನಸ್ ವೈ, ವೈ ಭಾಗ ಎಕ್ಸ್, ಎರಡನ್ನೂ ಎಕ್ಸ್ ವರ್ಗ ಕೂಡಿಸು ವೈ ವರ್ಗದಿಂದ ಭಾಗಿಸಬೇಕು. ಒರಿಜಿನ್ ಸುತ್ತ ಒಂದು ವೃತ್ತ ಹಾಕಿ, ಅದರ ಗುಂಟ ಲೈನ್ ಇಂಟಿಗ್ರಲ್, ಅಂದರೆ ಸುತ್ತುವ ದಿಕ್ಕಿನ ಫೀಲ್ಡನ್ನು ದಾರಿಯುದ್ದಕ್ಕೂ ಕೂಡಿಸಿದ ಮೊತ್ತ, ಎಷ್ಟು ಅನ್ನೋದು ಪ್ರಶ್ನೆ. ಒಂದೊಂದು ಬಿಂದುವಿನಲ್ಲಿ ಫೀಲ್ಡ್ ಎಷ್ಟು ಸುಳಿಯುತ್ತದೆ ಅಂತ ಹೇಳುವ ಕರ್ಲ್ ತೆಗೆದೆ, ಸೊನ್ನೆ ಬಂತು. ಸುತ್ತಿನ ಇಂಟಿಗ್ರಲ್ ಅದರ ಒಳಗಿನ ಕರ್ಲ್‌ನ ಮೊತ್ತಕ್ಕೆ ಸಮ ಅನ್ನುತ್ತದೆ ಸ್ಟೋಕ್ಸ್ ಥಿಯರಂ. ಹಾಗಾದರೆ ಕರ್ಲ್ ಸೊನ್ನೆ ಆದರೆ ಇಂಟಿಗ್ರಲ್ಲೂ ಸೊನ್ನೆ ಅಲ್ವಾ? ಆ್ಯಪ್ ಕೂಡ ಅದೇ ಉತ್ತರ ಕೊಟ್ಟಿತು. ಎರಡೂ ಒಂದೇ ಬಂದವು ಅಂತ ಖುಷಿಯಿಂದ ಬರೆದುಕೊಟ್ಟೆ. ವಾಪಸ್ ಬಂದ ಹಾಳೆಯಲ್ಲಿ ದೊಡ್ಡ ಕಾಟು. ಪಕ್ಕದಲ್ಲಿ ಎರಡು ಪೈ ಅಂತಷ್ಟೇ ಬರೆದಿತ್ತು. ವೃತ್ತದ ಮೇಲೆ ನೇರವಾಗಿ ಲೆಕ್ಕ ಮಾಡಿದೆ, ನಿಜವಾಗಿಯೂ ಎರಡು ಪೈ ಬಂತು. ಒಂದೇ ಲೆಕ್ಕಕ್ಕೆ ಎರಡು ಉತ್ತರ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಸ್ಟೆಲಿನ ಸೀನಿಯರ್ ಅಕ್ಕ ಮರುದಿನ ಸಂಜೆ ನನ್ನನ್ನು ಸರ್ ಮನೆಗೆ ಕರೆದುಕೊಂಡು ಹೋದಳು.

ಹಳೇ ಮನೆ. ಪಡಸಾಲೆಯಲ್ಲಿ ಎರಡು ಮರದ ಕಂಬ, ನೆಲಕ್ಕೆ ನವಲಗುಂದದ ಜಮಖಾನೆ, ಗೋಡೆಗೆ ಕಪ್ಪು ಬಣ್ಣ ಬಳಿದು ಮಾಡಿದ ಬೋರ್ಡು. ಸರ್ ನನ್ನ ಹಾಳೆ ಓದಿದರು. ಉತ್ತರದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಸ್ಟೋಕ್ಸ್ ಅಂತ ಬರೆದ ಸಾಲಿನ ಮುಂದೆ ಕೆಂಪು ಪೆನ್ನಿನಿಂದ ಒಂದು ಚುಕ್ಕಿ ಇಟ್ಟರು. ಆಮೇಲೆ ಒಳಗಿನಿಂದ ದಾರದುಂಡೆ ತರಿಸಿ, ಕಂಬದ ಸುತ್ತ ಒಂದು ಸಡಿಲ ಕುಣಿಕೆ ಹಾಕಿ, ತುದಿ ನನ್ನ ಕೈಗೆ ಕೊಟ್ಟರು.

“ಜಗ್ಗು ತಂಗಿ. ಸಣ್ಣದು ಮಾಡ್ಕೊಂತ ಹೋಗು, ಒಂದು ಚುಕ್ಕಿ ಆಗೂ ತನಕ.”

ಜಗ್ಗಿದೆ. ದಾರ ಕಂಬಕ್ಕೆ ಬಿಗಿದು ನಿಂತಿತು.

“ಆಗವಲ್ದರಿ ಸರ, ಕಂಬ ಅಡ್ಡ ಬರ್ತದ.”

“ಹೌದಿಲ್ಲೋ? ನಿನ್ನ ಲೆಕ್ಕದಾಗ ಕಂಬ ಎಲ್ಲೈತಿ, ಹುಡುಕು.”

ಐದು ನಿಮಿಷ ಹಾಳೆ ನೋಡುತ್ತಾ ಕೂತೆ. ಒರಿಜಿನ್‌ನಲ್ಲಿ ಛೇದ ಸೊನ್ನೆ ಆಗುತ್ತದೆ! ಅಲ್ಲಿ ಫೀಲ್ಡೇ ಇಲ್ಲ. ಕರ್ಲ್ ಸೊನ್ನೆ ಅನ್ನೋದು ಉಳಿದ ಎಲ್ಲ ಕಡೆ ನಿಜ, ಆ ಒಂದು ಬಿಂದುವಿನಲ್ಲಿ ಮಾತ್ರ ಅಲ್ಲ. ಸ್ಟೋಕ್ಸ್ ಥಿಯರಂ ಹಚ್ಚಬೇಕಾದರೆ ವೃತ್ತದ ಒಳಗಿನ ಇಡೀ ಜಾಗದಲ್ಲಿ ಫೀಲ್ಡ್ ಸರಿಯಾಗಿರಬೇಕು. ನಾನು ಆ ಷರತ್ತನ್ನು ಓದಿದ್ದೆ, ನೋಡಿರಲಿಲ್ಲ. ಸರ್ ಇನ್ನೊಂದು ಕುಣಿಕೆ ಮಾಡಿ ಕಂಬ ಬಿಟ್ಟು ನೆಲದ ಮೇಲೆ ಇಟ್ಟರು. ಅದು ಜಗ್ಗಿದರೆ ಪೂರ್ತಿ ಮುಚ್ಚಿಕೊಂಡಿತು. ಒರಿಜಿನ್ ಒಳಗೆ ಬರದ ಹಾಗೆ ಹಾಕಿದ ಸುತ್ತಿಗೆ ಉತ್ತರ ನಿಜವಾಗಿಯೂ ಸೊನ್ನೆ.

ಆಮೇಲೆ ಕೇಳಿದರು, “ಈ ಕಂಬದ ಜಾಗದಾಗ ಕರೆಂಟ್ ಹರಿಯೋ ತಂತಿ ಇಟ್ರ?” ಉದ್ದನೆಯ ನೇರ ತಂತಿಯ ಸುತ್ತಲಿನ ಮ್ಯಾಗ್ನೆಟಿಕ್ ಫೀಲ್ಡ್ ಇದೇ ರೂಪದ್ದು. ತಂತಿಯ ಹೊರಗೆ ಕರ್ಲ್ ಸೊನ್ನೆ. ಆದರೂ ತಂತಿಯನ್ನು ಒಂದು ಸುತ್ತು ಹಾಕಿ ಬಂದರೆ ಮ್ಯೂ ನಾಟ್ ಐ (ಐ ಅಂದರೆ ಕರೆಂಟ್, ಮ್ಯೂ ನಾಟ್ ಒಂದು ಸ್ಥಿರಾಂಕ) ಸಿಗುತ್ತದೆ, ಅದೇ ಆಂಪಿಯರ್ ನಿಯಮ. ಫಿಸಿಕ್ಸ್ ಕ್ಲಾಸಿನಲ್ಲಿ ಬರೆದುಕೊಂಡಿದ್ದ ನಿಯಮವೂ ಮ್ಯಾಥ್ಸ್ ಕ್ಲಾಸಿನ ಆ ಲೆಕ್ಕವೂ ಒಂದೇ ಅಂತ ನನಗೆ ತಿಳಿದದ್ದು ಆ ಸಂಜೆ. ಹಾಸ್ಟೆಲಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅಕ್ಕನಿಗೆ ಅದನ್ನೇ ಹೇಳುತ್ತಿದ್ದೆ.

ಮರುದಿನವೇ ಆ್ಯಪ್ ತೆಗೆದು ಹಾಕಿದೆ.

ಕ್ಲಾಸಿನ ಪದ್ಧತಿ ಸರಳ. ಸೋಮವಾರದಿಂದ ಶುಕ್ರವಾರ, ಸಂಜೆ ಆರರಿಂದ ಎಂಟು. ಹತ್ತು ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಪ್ರಶ್ನೆ ಮತ್ತು ನೀವು ಮಾಡಿದ ಪ್ರಯತ್ನ ಬರೆದುಕೊಂಡು ಹೋಗಬೇಕು. ಖಾಲಿ ಹಾಳೆ ತಂದರೆ ವಾಪಸ್ ಕಳಿಸಿ, ಮೂಲೆಯಲ್ಲಿ ಕೂತು ನಾಲ್ಕು ಸಾಲು ಬರೆ ಅನ್ನುತ್ತಾರೆ. ಬರೆದದ್ದು ತಪ್ಪಾದರೂ ಬೈಯುವುದಿಲ್ಲ. ತಪ್ಪು ಶುರುವಾದ ಸಾಲಿಗೆ ಕೆಂಪು ಚುಕ್ಕಿ ಬೀಳುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಬಲಗಡೆಯಲ್ಲಿ ಮತ್ತೆ ನೀವೇ ಮಾಡಬೇಕು. ನನ್ನ ಹತ್ತಿರ ಆ ಹಾಳೆಗಳ ಮೂರು ಫೈಲ್ ಇವೆ. ಮೊದಲ ವರ್ಷದ್ದು ತೆಗೆದು ನೋಡಿದರೆ ಚುಕ್ಕಿ ಎರಡನೇ ಸಾಲಿಗೇ ಇರುತ್ತಿತ್ತು. ಈಗ ಪುಟದ ಕೊನೆಯ ಹತ್ತಿರ ಬೀಳುತ್ತದೆ. ಕೆಲವು ದಿನ ಬೀಳುವುದೇ ಇಲ್ಲ.

ಉತ್ತರ ಬಂದ ಮೇಲೆ ಅದನ್ನು ಪರೀಕ್ಷೆ ಮಾಡುವುದು ಅವರಿಂದ ನಾನು ಕಲಿತ ಇನ್ನೊಂದು ವಿಷಯ. ಗಾಲಿಯ ಮೇಲೆ ದಾರ, ಎರಡು ತುದಿಗೆ ಎರಡು ತೂಕ, ಗಾಲಿಗೂ ಭಾರ ಇದೆ ಅನ್ನೋ ಲೆಕ್ಕ ನಿಮಗೂ ಬಂದಿರುತ್ತದೆ. ವೇಗೋತ್ಕರ್ಷ ಬಂದ ಮೇಲೆ ಎರಡೂ ತೂಕ ಸಮ ಅಂತ ಇಟ್ಟು ನೋಡಬೇಕು, ಸೊನ್ನೆ ಬರಬೇಕು. ಗಾಲಿಯ ಭಾರ ಸೊನ್ನೆ ಅಂತ ಇಟ್ಟರೆ ಪಿಯುಸಿಯ ಹಳೇ ಸೂತ್ರ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ. ಒಂದು ನಿಮಿಷದ ಕೆಲಸ. ನಾನು ಒಮ್ಮೆ ಗಾಲಿಯ ಅರ್ಧ ಭಾರವನ್ನು ಛೇದದಲ್ಲಿ ಕೂಡಿಸುವ ಬದಲು ಕಳೆದಿದ್ದೆ. ಈ ಎರಡು ಪರೀಕ್ಷೆಯಲ್ಲೂ ಅದು ಸಿಗಲಿಲ್ಲ. “ಗಾಲಿ ಗುಡ್ಡದಷ್ಟು ಭಾರ ಮಾಡು” ಅಂದರು ಸರ್. ವೇಗೋತ್ಕರ್ಷ ಉಲ್ಟಾ ದಿಕ್ಕಿಗೆ ಹೋಯಿತು, ಭಾರವಾದ ಕಡೆಯೇ ಮೇಲೆ ಏರಬೇಕಾಯಿತು. ತಪ್ಪು ಅಲ್ಲೇ ಸಿಕ್ಕಿತು.

2024ರಲ್ಲಿ ಐಐಟಿಗಳ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಜ್ಯಾಮ್ ಬರೆದಾಗ ಇದು ತುಂಬಾ ನೆರವಾಯಿತು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆಯನ್ನು ನಾವೇ ತುಂಬಬೇಕು. ಆಯ್ಕೆ ನೋಡಿ ಊಹೆ ಮಾಡುವ ಅಭ್ಯಾಸ ಇದ್ದವರಿಗೆ ಅಲ್ಲಿ ಕಷ್ಟ. ಐಐಟಿ ಸೀಟು ನನಗೆ ಸಿಗಲಿಲ್ಲ, ಬೇಜಾರಾಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸಿಕ್ಕಿತು. ಸೇರಿದ ದಿನ ಸರ್, ಅಲ್ಲಿ ಹಿಂದೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಬಗ್ಗೆ ಹೇಳಿದರು. ಕ್ಯಾಂಪಸ್‌ಗೆ ಪಾವಟೆ ನಗರ ಅಂತ ದಿನಾ ಹೇಳುತ್ತೇವೆ. ಅವರು ಗಣಿತದವರು, ಕೇಂಬ್ರಿಡ್ಜ್‌ನ ಗಣಿತ ಪದವಿ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದು ರ‍್ಯಾಂಗ್ಲರ್ ಆಗಿ ಬಂದವರು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಕ್ಯಾಂಪಸ್‌ನಲ್ಲಿ ನಡೆಯುವಾಗ ಈಗಲೂ ಅದು ನೆನಪಾಗುತ್ತದೆ.

ಸಾಲದ ಕಡೆಗಳನ್ನೂ ಹೇಳಬೇಕು. ಸರ್ ಪಾಠ ಮಾಡುವುದಿಲ್ಲ, ಡೌಟ್ ಮಾತ್ರ. ಕಾಲೇಜಿನಲ್ಲಿ ಕ್ಲಾಸ್ ತಪ್ಪಿಸಿಕೊಂಡವರಿಗೆ ಇಲ್ಲಿ ಏನೂ ಹತ್ತುವುದಿಲ್ಲ. ಅದಕ್ಕೆ ನಾನು ಎನ್‌ಪಿಟಿಇಎಲ್ ಆನ್‌ಲೈನ್ ವಿಡಿಯೋ ಪಾಠ ನೋಡುತ್ತೇನೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಮೇಷ್ಟ್ರುಗಳ ಪಾಠ, ಪುಕ್ಕಟೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀ. ನಾನು ಒಂದು 12 ವಾರದ ಕೋರ್ಸ್ ಮಾಡಿದೆ. ವಾರ ವಾರ ಅಸೈನ್‌ಮೆಂಟ್, ಅದರಲ್ಲಿ ಚೆನ್ನಾಗಿ ಬಂದ ಎಂಟನ್ನು ಲೆಕ್ಕ ಹಿಡಿದು 25 ಅಂಕ, ಕೊನೆಯ ಪರೀಕ್ಷೆಗೆ 75. ಪಾಠ ಅಲ್ಲಿ ಕೇಳಿ, ಸಿಕ್ಕಿಕೊಂಡ ಲೆಕ್ಕ ಸರ್ ಹತ್ತಿರ ತಂದರೆ ಎರಡೂ ಚೆನ್ನಾಗಿ ಹೊಂದುತ್ತವೆ.

ಇನ್ನೊಂದು, ಕಾಯಬೇಕು. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಎರಡು ಗಂಟೆ ಕೂತರೂ ಒಂದೇ ಲೆಕ್ಕಕ್ಕೆ ಸರದಿ ಬರುವುದುಂಟು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಉತ್ತರ ಬರುವುದಿಲ್ಲ. ಹುಬ್ಬಳ್ಳಿಯಿಂದ ಬರುವ ಇಬ್ಬರು ಚಿಗರಿ ಬಸ್ಸಿನಲ್ಲಿ ಓಡಾಡುತ್ತಾರೆ, ಎಂಟಕ್ಕೆ ಬಿಟ್ಟರೆ ಮನೆ ಸೇರೋದು ತಡ. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಟೈಮ್ ಚಿಂತೆ ಬೇರೆ. ನಾವು ಕೇಳಿಕೊಂಡ ಮೇಲೆ ಹಾಸ್ಟೆಲಿನವರನ್ನು ಮೊದಲು ನೋಡಿ ಏಳೂವರೆಗೆ ಕಳಿಸುತ್ತಾರೆ.

ಫೀ ಡಿಗ್ರಿಯವರಿಗೆ ತಿಂಗಳಿಗೆ 500, ಎಂ.ಎಸ್ಸಿ.ಯವರಿಗೆ 700. ಕೊಡಲು ಆಗದವರನ್ನು ಕೇಳಿದ್ದನ್ನು ನಾನು ನೋಡಿಲ್ಲ. ಎಲ್ಲ ವಿವರಣೆಯೂ ನಮ್ಮ ಕನ್ನಡದಲ್ಲೇ. ಕರ್ಲ್, ಡೈವರ್ಜೆನ್ಸ್, ಐಗನ್ ವ್ಯಾಲ್ಯೂ ಹಾಗೇ ಇರುತ್ತವೆ, ಉಳಿದದ್ದು ಧಾರವಾಡದ ಮಾತು. ಕನ್ನಡ ಮೀಡಿಯಂನಿಂದ ಬಂದ ನನಗೆ ಇದು ಎಷ್ಟು ದೊಡ್ಡದು ಅಂತ ಹೇಳಲು ಬರುವುದಿಲ್ಲ. ಅಲ್ಲಿ ನಾನು ನಾಚಿಕೆ ಇಲ್ಲದೆ “ತಿಳೀಲಿಲ್ರಿ ಸರ” ಅಂತ ಮೂರು ಸಲ ಹೇಳಿದ್ದೇನೆ.

ಮುಂದಿನ ಸೆಮಿಸ್ಟರ್‌ಗೂ ಹೋಗುತ್ತೇನೆ, ಮೊನ್ನೆ ಫೀ ಕೊಟ್ಟು ಬಂದೆ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಮಿಕ್ಸ್, ಮ್ಯಾಥ್‌ಮೆಟಿಕಲ್ ಫಿಸಿಕ್ಸ್ ಮೂರಕ್ಕೂ ಸರ್ ಇದ್ದಾರೆ. ಕ್ವಾಂಟಮ್ ಮೆಕ್ಯಾನಿಕ್ಸ್‌ನ ಪರ್ಟರ್ಬೇಷನ್ ಥಿಯರಿ ಮತ್ತು ಸ್ಕ್ಯಾಟರಿಂಗ್ ತನಗೆ ಅಭ್ಯಾಸ ತಪ್ಪಿದೆ, ಬೇರೆಯವರನ್ನು ನೋಡು ಅಂತ ಅವರೇ ಹೇಳಿದರು. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಹಾಳೆ ನೋಡಿ ಹೇಳಿಕೊಡುವವರು ನಿಮಗೆ ಗೊತ್ತಿದ್ದರೆ ತಿಳಿಸಿ. ಶನಿವಾರ, ಭಾನುವಾರ ನನಗೆ ಬಿಡುವಿರುತ್ತದೆ.