ಸೆಕೆಂಡ್ ಹ್ಯಾಂಡ್ ದೊಡ್ಡ ಅಕ್ವೇರಿಯಂ: ನೀರು ತುಂಬಿದ್ದನ್ನು ನೋಡದೆ ದುಡ್ಡು ಕೊಡಬೇಡಿ

ದೊಡ್ಡ ಅಕ್ವೇರಿಯಂ ಒಂದು ಕಡಿಮೆ ರೇಟಿಗೆ ಸಿಗುತ್ತಿದೆ, ತಗೊಳ್ಳಲಾ ಬೇಡ್ವಾ ಅಂತ ಯೋಚಿಸುತ್ತಿದ್ದೀರಾ? ದುಡ್ಡು ಕೊಡುವ ಮೊದಲು ನನಗೆ ಆದದ್ದನ್ನು ಓದಿ. ನಾನು ತಂದ ಟ್ಯಾಂಕ್ ನಾಲ್ಕನೇ ರಾತ್ರಿಯೇ ಸೋರಿತು. ಒಂದು ಮೀನು ಸತ್ತುಹೋಯಿತು. ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನನ್ನ ಹತ್ತಿರ ಮೂರು ಆಸ್ಕರ್ ಮೀನುಗಳಿದ್ದವು. ಆಸ್ಕರ್ ಒಂದಡಿಯವರೆಗೂ ಬೆಳೆಯುತ್ತದೆ. ಹಳೇ ಟ್ಯಾಂಕ್‌ನಲ್ಲಿ ಅವಕ್ಕೆ ತಿರುಗುವುದಕ್ಕೂ ಜಾಗ ಸಾಲುತ್ತಿರಲಿಲ್ಲ, ನೋಡಿದಾಗಲೆಲ್ಲ ಸಂಕಟ ಆಗುತ್ತಿತ್ತು. ಅಷ್ಟರಲ್ಲಿ ಇದು ಸಿಕ್ಕಿತು. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ, 12 ಎಂಎಂ ಗಾಜು. ಹೊಸದರ ಅರ್ಧ ಬೆಲೆಯೂ ಇರಲಿಲ್ಲ. ಹೋಗಿ ನೋಡಿದೆ. ಟ್ಯಾಂಕ್ ಖಾಲಿ ಮಾಡಿ, ತೊಳೆದು, ಒರೆಸಿ ಇಟ್ಟಿದ್ದರು. "ಇಷ್ಟು ವರ್ಷದಲ್ಲಿ ಒಂದು ಹನಿ ಸೋರಿಲ್ಲ, ಮನೆ ಬದಲಾಯಿಸ್ತಾ ಇದ್ದೀವಿ ಅಂತ ಕೊಡ್ತಾ ಇದ್ದೀವಿ ಅಷ್ಟೇ" ಅಂದರು. ನಂಬಿದೆ.

ಆಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಎಡಗಡೆ ಹಿಂದಿನ ಮೂಲೆಯಲ್ಲಿ ಗಾಜು ಜೋಡಿಸುವ ಅಂಟು, ಅಂದರೆ ಸಿಲಿಕೋನ್, ಮಾತ್ರ ಹೊಳೆಯುತ್ತಿತ್ತು. ಉಳಿದ ಮೂರು ಮೂಲೆಗಳಲ್ಲಿ ಅದು ಹಳದಿ ತಿರುಗಿ, ಅಂಚಿನಲ್ಲಿ ಪಾಚಿ ಹಿಡಿದು, ಮಂಕಾಗಿತ್ತು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದುಕೊಂಡೆ. ಆ ಮೂಲೆ ಒಂದೇ ಯಾಕೆ ಹೊಸದಾಗಿದೆ ಅಂತ ಕೇಳಲಿಲ್ಲ.

ನಾಲ್ಕು ಜನ ಸೇರಿ ಎತ್ತಿ ತಂದೆವು. ಗಾಜೊಂದೇ 120 ಕೆಜಿ ಹತ್ತಿರ. ಒಳಗೆ ಹಿಡಿಯುವ ನೀರು ಸುಮಾರು 650 ಲೀಟರ್, ಅಂದರೆ 650 ಕೆಜಿ. ಮರಳು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ 900 ಕೆಜಿ ಮುಟ್ಟುತ್ತದೆ. ಎಲ್ಲಿ ಬೇಕೋ ಅಲ್ಲಿ ಇಡುವ ಸಾಮಾನಲ್ಲ ಇದು. ಗೋಡೆಗೆ ಒತ್ತಿ, ಕೆಳಗೆ ಬೀಮ್ ಇರುವ ಕಡೆ ಇಡಬೇಕು. ಮಹಡಿ ಮನೆಯಾದರೆ ತಿಳಿದವರನ್ನು ಕೇಳಿಯೇ ಇಡಿ. ತೂಕದ ಬಗ್ಗೆ ನಾನು ಯೋಚನೆ ಮಾಡಿದ್ದೆ. ನೀರು ಪಕ್ಕಕ್ಕೆ ತಳ್ಳುವ ಬಲ ಎಷ್ಟು ಅಂತ ಮಾತ್ರ ಯೋಚಿಸಿರಲಿಲ್ಲ. ಇಷ್ಟು ದೊಡ್ಡ ಟ್ಯಾಂಕ್ ಪೂರ್ತಿ ತುಂಬಿದಾಗ ಮುಂದಿನ ಗಾಜೊಂದರ ಮೇಲೇ 320 ಕೆಜಿ ಭಾರದಷ್ಟು ಒತ್ತಡ ಬೀಳುತ್ತದೆ. ಅದನ್ನು ತಡೆದು ಹಿಡಿಯುವುದು ಮೂಲೆಗಳ, ಕೆಳ ಅಂಚಿನ ಸಿಲಿಕೋನ್ ಮತ್ತು ಮೇಲೆ ಅಂಟಿಸಿದ ಗಾಜಿನ ಪಟ್ಟಿಗಳು, ಅಷ್ಟೇ.

ಬಂದ ದಿನವೇ ಒಂದೇ ಸಲಕ್ಕೆ ತುಂಬಿಸಿದೆ. ಮರುದಿನ ಹಳೇ ಫಿಲ್ಟರ್ ಹಾಕಿ ಮೀನು ಬಿಟ್ಟೆ. ಹಳೇ ಟ್ಯಾಂಕನ್ನು ಸ್ನೇಹಿತರಿಗೆ ಕೊಟ್ಟುಬಿಟ್ಟೆ. ಮೀನುಗಳು ಆ ಕಡೆಯಿಂದ ಈ ಕಡೆಗೆ ಈಜುತ್ತಿದ್ದರೆ ನೋಡುತ್ತಾ ಕೂತುಬಿಡುತ್ತಿದ್ದೆ.

ನಾಲ್ಕನೇ ರಾತ್ರಿ ಎರಡು ಗಂಟೆ ಹೊತ್ತಿಗೆ ಟಪ್ ಟಪ್ ಸದ್ದಿಗೆ ಎಚ್ಚರ ಆಯಿತು. ನಲ್ಲಿ ಅಂದುಕೊಂಡು ಎದ್ದು ಬಂದರೆ ಕಾಲಿಗೆ ನೀರು ತಗುಲಿತು. ಹನಿ ಬೀಳುತ್ತಿದ್ದದ್ದು ಸ್ಟ್ಯಾಂಡ್ ಒಳಗೆ, ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಒಂದು ಗೇಣು ದೂರದಲ್ಲಿ. ಮೊದಲು ಮೇನ್ ಸ್ವಿಚ್ ಆರಿಸಿದೆ. ಇದನ್ನು ನೆನಪಿಟ್ಟುಕೊಳ್ಳಿ, ದಯವಿಟ್ಟು. ಟ್ಯಾಂಕ್ ಸೋರಿದರೆ ನೀರಿಗಾಗಲಿ ಮೀನಿಗಾಗಲಿ ಕೈ ಹಾಕುವ ಮೊದಲು ಕರೆಂಟ್ ತೆಗೆಯಿರಿ. ಬೋರ್ಡನ್ನು ಟ್ಯಾಂಕ್ ಕೆಳಗೆ ಇಡಲೇಬೇಡಿ, ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ ಹಾಕಿ. ವೈರ್ ಪ್ಲಗ್ಗಿಗಿಂತ ಕೆಳಗೆ ಒಂದು ಸಲ ಜೋತು ಬಿದ್ದು ಮೇಲೇರಲಿ, ಆಗ ವೈರ್ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಬೆಳಗಾಗುವವರೆಗೂ ಪೈಪ್ ಹಾಕಿ ಬಕೆಟ್‌ಗಟ್ಟಲೆ ನೀರು ತೆಗೆದೆವು. ಮೀನುಗಳನ್ನು ದೊಡ್ಡ ಟಬ್ಬಿಗೆ ಹಾಕಿದೆ. ಗಡಿಬಿಡಿಯಲ್ಲಿ ಫಿಲ್ಟರಿನ ಸ್ಪಂಜನ್ನು ತೆಗೆದು ನೆಲದ ಮೇಲೆ ಇಟ್ಟಿದ್ದೆ, ಒಣಗಿಹೋಯಿತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಅನ್ನುವ ವಿಷವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನಲ್ಲಿ. ಒಣಗಿದರೆ ಸಾಯುತ್ತವೆ, ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ದಿನಾ ನೀರು ಬದಲಾಯಿಸಿದರೂ ಮೂರನೇ ದಿನ ಚಿಕ್ಕದು ಉಳಿಯಲಿಲ್ಲ. ಕೈಯಿಂದ ಆಹಾರ ತಿನ್ನುತ್ತಿದ್ದದ್ದು ಅದೇ.

ಟ್ಯಾಂಕ್ ಖಾಲಿಯಾದ ಮೇಲೆ ಆ ಹೊಳೆಯುವ ಮೂಲೆಗೆ ಉಗುರು ಹಾಕಿದೆ. ಹಾವಿನ ಪೊರೆ ಕಳಚಿದ ಹಾಗೆ ಮೇಲಿನ ಸಿಲಿಕೋನ್ ಉದ್ದಕ್ಕೂ ಎದ್ದು ಬಂತು. ಅದರ ಕೆಳಗೆ ಹಳೇದು ಹಾಗೇ ಇತ್ತು, ಮಧ್ಯೆ ಹಸಿರು ಪಾಚಿ. ಅಂದರೆ ಮೊದಲೇ ಸೋರಿತ್ತು, ಮೇಲೆ ತೇಪೆ ಹಾಕಿದ್ದರು. ಹೊಸ ಸಿಲಿಕೋನ್ ಹಳೇ ಸಿಲಿಕೋನ್ ಮೇಲೆ ಸರಿಯಾಗಿ ಕಚ್ಚುವುದಿಲ್ಲ. ಹಳೇದನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಗಾಜು ಒರೆಸಿ, ಮತ್ತೆ ಹಾಕಬೇಕು. ಅದೂ ಅಕ್ವೇರಿಯಂಗೇ ಅಂತ ಬರುವುದನ್ನು. ಬಾತ್‌ರೂಮಿಗೆ ಹಾಕುವ ಸಿಲಿಕೋನ್‌ನಲ್ಲಿ ಬೂಷ್ಟು ಹಿಡಿಯದಂತೆ ಔಷಧಿ ಸೇರಿಸಿರುತ್ತಾರೆ, ಅದು ಮೀನಿಗೆ ವಿಷ. ಮಾರಿದವರಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಇದ್ದಾಗ ಚೆನ್ನಾಗೇ ಇತ್ತಲ್ಲ" ಅಂದು ಇಟ್ಟುಬಿಟ್ಟರು.

ಅದಕ್ಕೇ ಹೇಳುತ್ತಿದ್ದೇನೆ. ಮಾರುವವರಿಗೆ ಮೊದಲ ಫೋನಿನಲ್ಲೇ ಹೇಳಿ: "ನಾನು ಬಂದು ನೋಡುವವರೆಗೆ ಖಾಲಿ ಮಾಡಬೇಡಿ." ತುಂಬಿದ ಟ್ಯಾಂಕ್ ಸುತ್ತ ಒಣ ಟಿಶ್ಯೂ ಪೇಪರ್ ಹಿಡಿದು ಕೆಳಗಿನ ಅಂಚೆಲ್ಲ ಸವರಿ ನೋಡಿ. ಮುಂದಿನ ಗಾಜಿಗೆ ಅಡ್ಡಲಾಗಿ ದಾರ ಬಿಗಿಯಾಗಿ ಹಿಡಿದರೆ ಉಬ್ಬು ಎಷ್ಟಿದೆ ಗೊತ್ತಾಗುತ್ತದೆ. ಮೇಲಿನ ಪಟ್ಟಿ ಒಡೆದಿದ್ದರೆ ಅಲ್ಲಿಂದ ಎದ್ದು ಬನ್ನಿ. ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿದ್ದರೆ ಯಾವತ್ತೋ ನೀರು ಇಳಿದಿದೆ ಅಂತ ಅರ್ಥ. ಟ್ಯಾಂಕ್ ಆಗಲೇ ಖಾಲಿ ಇದ್ದರೆ ಸೋರುತ್ತದೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ, ಮತ್ತೆ ಸಿಲಿಕೋನ್ ಮಾಡಿಸುವ ಖರ್ಚು ಸೇರಿಸಿ. ತಂದ ಮೇಲೂ ರಸಮಟ್ಟ ಇಟ್ಟು ಸ್ಟ್ಯಾಂಡ್ ಸಮ ಮಾಡಿಕೊಳ್ಳಿ. ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ಆಮೇಲೆ ಪೂರ್ತಿ ತುಂಬಿಸಿ ಒಂದು ವಾರ ಹಾಗೇ ಬಿಡಿ. ಅಲ್ಲಿಯವರೆಗೂ ಮೀನು ಬೇಡ, ಹಳೇ ಟ್ಯಾಂಕ್ ಯಾರಿಗೂ ಕೊಡಬೇಡಿ.

ಉಳಿದ ಎರಡು ಆಸ್ಕರ್ ಈಗ ಸ್ನೇಹಿತರ ಮನೆಯಲ್ಲಿವೆ. ಟ್ಯಾಂಕ್ ಇನ್ನೂ ಗೋಡೆ ಪಕ್ಕದಲ್ಲೇ ಇದೆ. ಮೊನ್ನೆ ಒಬ್ಬರು ಕೇಳಿಕೊಂಡು ಬಂದಿದ್ದರು. ಮೊದಲು ಆ ಮೂಲೆ ತೋರಿಸಿದೆ. ಅವರು ತಗೊಳ್ಳಲಿಲ್ಲ.